ಮನಸೋಲುವುದಕ್ಕೆ ಎಷ್ಟೊಂದು ಮಾತು!

ಪ್ರೀತಿಯ ಮಗಳೇ,

ಜೇಡ ಬಲೆ ನೇಯುವುದನ್ನು ಕುರಿತ ನಿನ್ನ ಪ್ರಬಂಧ ತಲುಪಿತು. ಅದು ಮೊದಲು ನಡುವಿನಿಂದ ಹೊರಕ್ಕೆ ಅಂಟಿಲ್ಲದ ಸುರುಳಿಯೊಂದನ್ನು ಹಾಕಿ, ಆಮೇಲೆ ಅಂಚಿನಿಂದ ಒಳಕ್ಕೆ ಅಂಟುನೂಲು ಸುತ್ತುತ್ತಾ ಹಳೆಯ ಸುರುಳಿಯನ್ನು ಕಿತ್ತುಹಾಕುತ್ತಾ ಬರುವುದನ್ನು ನೋಡಿ ಬರೆದಿದ್ದೀಯ. ಓದಿ ಹಿಗ್ಗಿದೆ. ಆದರೆ ಕೊನೆಯಲ್ಲಿ ‘ಈ ದೃಶ್ಯ ನನ್ನನ್ನು ಮಂತ್ರಮುಗ್ಧಗೊಳಿಸಿತು’ ಎಂದಿದ್ದೀಯಲ್ಲ, ಆ ಪದ ಸರಿಯೇ ಎಂದು ನೀನೇ ಕೇಳಿರುವುದರಿಂದ ಹೇಳುತ್ತೇನೆ: ನನಗೆ ಸರಿಕಾಣಲಿಲ್ಲ.

ತಪ್ಪೇನೂ ಇಲ್ಲ, ಸವೆದುಹೋಗಿದೆ ಅಷ್ಟೆ. ಯಾವ ಕಾರ್ಯಕ್ರಮದ ವರದಿ ಓದಿದರೂ ಪ್ರೇಕ್ಷಕರು ಮಂತ್ರಮುಗ್ಧರಾಗಿಯೇ ಇರುತ್ತಾರೆ; ಆಕಳಿಸಿದವರು ಒಬ್ಬರೂ ಇರುವುದಿಲ್ಲ! ಇನ್ನು ‘ಮುಗ್ಧ’ ಎಂದರೆ ನಮಗೆ ಏನೂ ಅರಿಯದ ಮಗುವಿನ ಮುಖ ನೆನಪಾಗುತ್ತದೆ. ಸಂಸ್ಕೃತದಲ್ಲಿ ಅದು ‘ಮುಹ್’ ಎಂಬ ಧಾತುವಿನಿಂದ ಬಂದದ್ದು. ಮೋಹ, ಮೋಹನ, ಮೂಢ ಎಲ್ಲವೂ ಅದೇ ಬೇರಿನವು. ಮೂಢನೂ ಮುಗ್ಧನೂ ದಾಯಾದಿಗಳು ಎಂಬುದು ನನಗಂತೂ ಬಹಳ ಇಷ್ಟವಾದ ಸಂಗತಿ. ಇಬ್ಬರಿಗೂ ಬುದ್ಧಿಗೆ ಮಂಕು ಕವಿದಿದೆ. ನಿನಗೆ ಕವಿದಿತ್ತೇ? ಯಾವ ನೂಲು ಅಂಟುತ್ತದೆ, ಯಾವುದು ಅಂಟುವುದಿಲ್ಲ ಎಂದು ಬಿಡಿಸಿ ನೋಡಿದವಳು ನೀನು.

ಕನ್ನಡದ ಮಾತುಗಳನ್ನೇ ತೆಗೆದುಕೋ. ಮನಸೋಲುವುದು, ಮಾರುಹೋಗುವುದು, ಮನಸೂರೆಗೊಳ್ಳುವುದು. ಒಂದು ಸೋಲು, ಒಂದು ಮಾರಾಟ, ಒಂದು ಲೂಟಿ! ಮೂರರಲ್ಲೂ ನಷ್ಟ ನಮ್ಮದೇ, ಆದರೂ ಮೂರನ್ನೂ ಸಂತೋಷದಿಂದಲೇ ಹೇಳಿಕೊಳ್ಳುತ್ತೇವೆ.

ಬಳಸುವಾಗ ಮಾತ್ರ ಇವು ಒಂದೇ ಅಲ್ಲ. ‘ಅವಳ ದನಿಗೆ ಮನಸೋತೆ’ ಎಂದರೆ ಯಾರೂ ಬೈಯುವುದಿಲ್ಲ. ‘ಮಾರುಹೋದೆ’ ಎರಡು ಅಲಗಿನದು: ‘ಅವರ ಸರಳತೆಗೆ ಮಾರುಹೋದೆ’ ಎಂಬುದು ಮೆಚ್ಚುಗೆ, ‘ಬಣ್ಣದ ಮಾತಿಗೆ ಮಾರುಹೋದೆ’ ಎಂಬುದು ಪಶ್ಚಾತ್ತಾಪ. ‘ಮರುಳಾದೆ’ ಎನ್ನುವಾಗಲಂತೂ ಮೋಸ ಹೋದ ವಾಸನೆ ಬಂದೇ ಬರುತ್ತದೆ. ಮರುಳು ಎಂದರೆ ಹುಚ್ಚು; ‘ಜನ ಮರುಳೋ ಜಾತ್ರೆ ಮರುಳೋ’ ಎಂಬ ಗಾದೆಯಲ್ಲಿರುವುದೂ ಅದೇ. ಹೀಗಾಗಿ ಸೆಳೆತವನ್ನು ಹೇಳುವಾಗಲೇ ಅದರ ಬಗ್ಗೆ ನಿನ್ನ ತೀರ್ಪೂ ಹೊರಬಿದ್ದಿರುತ್ತದೆ. ಬೇರೆಯವರ ವಿಷಯ ಬರೆಯುವಾಗ ಇನ್ನೂ ಎಚ್ಚರ ಬೇಕು. ‘ಅವನು ಅವಳಿಗೆ ಮನಸೋತ’ ಎಂದು ಬರೆದವರು ಅವನ ಕಡೆಯವರು, ‘ಮರುಳಾದ’ ಎಂದವರು ಅವನ ಮನೆಯ ಹಿರಿಯರು.

‘ಮೈಮರೆತೆ’ ಎನ್ನಬಹುದಿತ್ತು. ಸೊಳ್ಳೆ ಕಚ್ಚಿದ್ದೂ ತಿಳಿಯಲಿಲ್ಲ ಎಂದು ನೀನೇ ಬರೆದಿದ್ದೀಯ, ಅದು ಮೈಮರೆವೆಯೇ. ಆದರೆ ಆ ಪದಕ್ಕೆ ಅಜಾಗರೂಕತೆಯ ಅರ್ಥವೂ ಇದೆ. ‘ಗೆಲುವು ನಮ್ಮದೇ ಎಂದು ಮೈಮರೆತರು’ ಎನ್ನುವುದಿಲ್ಲವೇ?

ವಿಭಕ್ತಿಯ ಕಡೆಗೂ ಸ್ವಲ್ಪ ಕಣ್ಣು ಹಾಯಿಸು. ಸೋಲುವುದು, ಮಾರುಹೋಗುವುದು, ಮರುಳಾಗುವುದು ಎಲ್ಲವೂ ಒಂದಕ್ಕೆ: ಹಾಡಿಗೆ, ರೂಪಕ್ಕೆ, ಮಾತಿಗೆ. ತಲ್ಲೀನವಾಗುವುದು, ಮುಳುಗುವುದು ಒಂದರಲ್ಲಿ: ಓದಿನಲ್ಲಿ, ಕೆಲಸದಲ್ಲಿ. ‘ಗೆ’ ಬಂದಾಗ ನಾವು ಹೊರಗೆ ನಿಂತಿರುತ್ತೇವೆ, ಆ ವಸ್ತು ನಮ್ಮನ್ನು ಎಳೆಯುತ್ತದೆ. ‘ಅಲ್ಲಿ’ ಬಂದಾಗ ನಾವೇ ಒಳಗೆ ಹೋಗಿರುತ್ತೇವೆ. ಇದು ವ್ಯಾಕರಣ ಪುಸ್ತಕದ ನಿಯಮವಲ್ಲ, ನನ್ನ ಕಿವಿಯ ಲೆಕ್ಕ. ಒಪ್ಪದಿದ್ದರೆ ವಾದಿಸು.

ಈ ಲೆಕ್ಕದಲ್ಲಿ ನಿನ್ನದು ತಲ್ಲೀನತೆ. ‘ಬಲೆ ನೇಯುವುದನ್ನು ನೋಡುವುದರಲ್ಲಿ ತಲ್ಲೀನಳಾಗಿದ್ದೆ’ ಎಂದರೆ ಸಾಕು. ಅದೂ ಭಾರವೆನಿಸಿದರೆ ‘ಎವೆಯಿಕ್ಕದೆ ನೋಡಿದೆ’ ಎನ್ನು. ಅಥವಾ ಆ ವಾಕ್ಯವನ್ನೇ ತೆಗೆದುಬಿಡು. ಸೊಳ್ಳೆಯ ವಾಕ್ಯ ಆ ಕೆಲಸವನ್ನು ಆಗಲೇ ಮಾಡಿ ಮುಗಿಸಿದೆ.

ಹಾಂ, ‘ಗುಂಗು’ ಬಿಟ್ಟೇಹೋಯಿತು. ಅದು ನೋಡುವಾಗಿನದಲ್ಲ, ನೋಡಿಯಾದ ಮೇಲಿನದು. ಮರುದಿನವೂ ಜೇಡದ ಗುಂಗಿನಲ್ಲೇ ಇದ್ದೆಯಾ? ಇದ್ದಿದ್ದರೆ ಅದನ್ನೂ ಬರೆ, ಪ್ರಬಂಧದಲ್ಲಿ ಅದಕ್ಕೆ ಜಾಗವಿದೆ. ತಿದ್ದಿದ ಪ್ರತಿಯನ್ನು ಕಳುಹಿಸು.

ನಿನ್ನ,
ಅಮ್ಮ