ತುತ್ತೂರಿಗೆ ಒಂದು ಪತ್ರ

ಪ್ರೀತಿಯ ತುತ್ತೂರಿ,

ನಾಲ್ಕು ಜನರ ಮುಂದೆ ಈ ಹೆಸರಿನಿಂದ ಕರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಸುಂಟಿಕೊಪ್ಪದ ಕೊಡೆಯ ವಿಷಯವನ್ನು ನೀನು ನಿನ್ನ ಮದುವೆಯ ದಿನವೇ ಊರಿಗೆಲ್ಲ ಹೇಳಿದ ಮೇಲೆ ಆ ಒಪ್ಪಂದ ಮುರಿದುಬಿತ್ತು.

ನಮ್ಮಲ್ಲೀಗ ರೋಬಸ್ಟಾ ಕಾಫಿಯ ಕೊಯ್ಲು. ಕಣದ ತುಂಬ ಹಣ್ಣು ಹರಡಿದೆ, ರಾತ್ರಿಯ ಕಾವಲು ನನ್ನದು. ನಿದ್ದೆ ಓಡಿಸಲು ಹಳೆಯ ಹಾರ್ಡ್ ಡಿಸ್ಕ್ ಕೆದಕುತ್ತಿದ್ದಾಗ ‘ಅಮೆರಿಕನ್ ಫುಟ್‌ಬಾಲ್’ ಸಿಕ್ಕಿತು. (ಉಳಿದವರಿಗಾಗಿ: ಇದು ಆಟವಲ್ಲ, ಬ್ಯಾಂಡ್. ಇಲಿನಾಯ್ ರಾಜ್ಯದ ಅರ್ಬಾನಾದಲ್ಲಿ ಓದುತ್ತಿದ್ದ ಮೂವರು ಹುಡುಗರು. 1999ರಲ್ಲಿ ಒಂಬತ್ತು ಹಾಡುಗಳ ಆಲ್ಬಂ ಹೊರಬಂತು. 2000ದ ಹೊತ್ತಿಗೆ ಬ್ಯಾಂಡೇ ಇಲ್ಲ.)

ಎಮೊ, ಅಂದರೆ ಮನಸ್ಸಿನ ನೋವನ್ನು ತೋಡಿಕೊಳ್ಳುವ ಇವರ ಬಗೆಯ ರಾಕ್ ಸಂಗೀತ, ಬರೀ ಕಿರುಚಾಟ ಎನ್ನುವವರಿಗೆ ಇದನ್ನು ಕೇಳಿಸಬೇಕು. ಎರಡು ಗಿಟಾರುಗಳು ಬೇರೆ ಬೇರೆ ಲೆಕ್ಕದಲ್ಲಿ ಸುತ್ತುತ್ತಾ ಹೋಗುತ್ತವೆ, ಎಲ್ಲೋ ಒಂದು ಕಡೆ ಸಂಧಿಸುತ್ತವೆ. ಡ್ರಮ್ ಬಾರಿಸುವವನೇ ನಡುವೆ ಟ್ರಂಪೆಟ್ ಎತ್ತಿಕೊಳ್ಳುತ್ತಾನೆ. ಹಾಡುವವನೋ, ಪಕ್ಕದ ಕೋಣೆಯಲ್ಲಿ ಮಲಗಿದವರು ಎದ್ದಾರು ಎಂಬಂತೆ ಹಾಡುತ್ತಾನೆ. ಅವರಂತೆಯೇ ಎಫ್, ಎ, ಸಿ, ಜಿ, ಸಿ, ಇ ಎಂದು ತಂತಿಗಳನ್ನು ಶ್ರುತಿ ಮಾಡಲು ಹೊರಟು ನೀನು ಚಿಕ್ಕಪ್ಪನ ಗಿಟಾರಿನ ಕತೆ ಮುಗಿಸಿದ್ದು ನೆನಪಾಯಿತು. ಚಿಕ್ಕಪ್ಪ ಅದರ ಬಗ್ಗೆ ಇನ್ನೂ ವಿಚಾರಿಸುತ್ತಾರೆ.

ಮುಖಪುಟದ ಆ ಬಿಳಿ ಮನೆ, ಮಹಡಿಯ ಕಿಟಕಿಯ ಬೆಳಕು. ಒಳಗೆ ಯಾರು ಅಳುತ್ತಿದ್ದಾರೆ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೆವು. ಬ್ಯಾಂಡ್ ಒಡೆದದ್ದಕ್ಕೆ ದೊಡ್ಡ ಜಗಳವೋ ಪ್ರೇಮಭಂಗವೋ ಕಾರಣವಿರಲೇಬೇಕಿತ್ತು. ಈಗ ಓದಿದರೆ ಅಂಥದ್ದೇನೂ ಇಲ್ಲ. ಓದು ಮುಗಿಯಿತು, ಅವರವರ ದಾರಿ ಹಿಡಿದರು. ಟ್ರಂಪೆಟ್ಟಿನ ಸ್ಟೀವ್ ಲೇಮೋಸ್ ಕೊಲೊರಾಡೋದ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾದರು. 2014ರಲ್ಲಿ ಮತ್ತೆ ಸೇರಿ ನುಡಿಸಿದರು. 2023ರಲ್ಲಿ ಬ್ಯಾಂಡಿನವರೂ ಅವರ ಧ್ವನಿಮುದ್ರಣ ಸಂಸ್ಥೆಯೂ ಇನ್ನು ಕೆಲವರೂ ಸೇರಿ ಆ ಮನೆಯನ್ನೇ ಕೊಂಡುಕೊಂಡರು. ಕೊಡಗಿನ ನಮ್ಮ ಜಮ್ಮಾ ಬಾಣೆಯ (ತಲೆಮಾರಿನಿಂದ ಬಂದ ಕುಟುಂಬದ ಜಮೀನಿನ) ದಾಖಲೆಗಿಂತ ಅವರ ಬೇಸರದ ದಾಖಲೆ ಚೊಕ್ಕವಾಗಿದೆ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಆ ಟ್ರಂಪೆಟ್ ಕೇಳುತ್ತಾ ನಿನ್ನನ್ನು ಬೆಂಗಳೂರಿನ ಬಸ್ ಹತ್ತಿಸಿದ ಬೆಳಿಗ್ಗೆಯ ಬಗ್ಗೆ ಯೋಚಿಸಿದೆ. ಅಪ್ಪನಿಗಾಗಿ, ತೋಟಕ್ಕಾಗಿ ನಾನು ಉಳಿದೆ ಎಂದು ನೀನು ನಂಬಿದ್ದೀಯೆ. ಊರೂ ನಂಬಿದೆ. ಅಪ್ಪ ಹೋಗು ಎಂದೇ ಹೇಳಿದ್ದರು, ದುಡ್ಡೂ ಎತ್ತಿಟ್ಟಿದ್ದರು. ನನಗೇ ಹೋಗಲು ಮನಸ್ಸಿರಲಿಲ್ಲ. ಬಸ್ಸು ತಿರುವು ದಾಟಿದಾಗ ದುಃಖವಾಗಲಿಲ್ಲ ಕಣೋ, ಹಗುರವಾಯಿತು. ಇನ್ನು ಯಾರ ಎದುರಿಗೂ ದೊಡ್ಡ ಕನಸು ಕಾಣಬೇಕಿಲ್ಲ ಅನ್ನಿಸಿತು. ಮೆಣಸಿನ ಬಳ್ಳಿ ಕಟ್ಟಿಸುವುದು, ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುವುದು, ಇದೇ ನನಗೆ ಬೇಕಾಗಿತ್ತು. ನೀನು ಫೋನಿನಲ್ಲಿ ‘ಪಾಪ, ನೀನೂ ಬಂದಿದ್ದರೆ’ ಎಂದಾಗಲೆಲ್ಲ ಸುಮ್ಮನಿದ್ದೆ. ಆ ‘ಪಾಪ’ ನನಗೆ ಹಿತವಾಗಿತ್ತು.

ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಹಾಗೆ ಮಾಡಿದ್ದರೆ ನೀನು ಕೂಡಲೇ ಫೋನ್ ಮಾಡುತ್ತಿದ್ದೆ, ನಾನು ಮಾತು ಬದಲಿಸಿ ಕಾಫಿಯ ದರ ಹೇಳುತ್ತಿದ್ದೆ. ಇಲ್ಲಿಯಾದರೆ ಸಾಕ್ಷಿಗಳಿದ್ದಾರೆ. ನಷ್ಟವೂ ಇದೆ: ತ್ಯಾಗಮಯಿ ಎಂದು ಮದುವೆಮನೆಗಳಲ್ಲಿ ನನ್ನ ಎಲೆಗೆ ಒಂದು ಸೌಟು ಹೆಚ್ಚು ಪಂದಿಕರಿ ಬೀಳುತ್ತಿತ್ತು. ಮುಂದಿನ ವಾರವೇ ವಿರಾಜಪೇಟೆಯಲ್ಲಿ ಮದುವೆಯಿದೆ. ಬಡಿಸುವವರು ಯಾರೂ ಇದನ್ನು ಅಷ್ಟರೊಳಗೆ ಓದದಿರಲಿ.

ನಿನ್ನ,
ಕೊಡೆ