ಸಾಲ ಯಾರ ಹೆಸರಿನಲ್ಲಿದೆ ಎಂದು ಕೇಳು

ಪ್ರಿಯ ಗೆಳೆಯ,

ನಿನ್ನ ಪತ್ರ ಕೈಸೇರಿ ಎರಡು ವಾರವಾಯಿತು. ಅಮೆರಿಕದ ಗ್ಲೇಜರ್ ಕುಟುಂಬವು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್ಬಾಲ್ ಕ್ಲಬ್ಬಿನಲ್ಲಿ ಉಳಿಸಿಕೊಂಡಿರುವ ಪಾಲನ್ನೂ ಮಾರಿ ಹೊರಟ ದಿನ ಮನೆಯಲ್ಲಿ ಹಬ್ಬದಡುಗೆ ಮಾಡಿಸುತ್ತೇನೆ ಎಂದು ಬರೆದಿದ್ದೀಯೆ. ಓದಿ ಸಂತೋಷವಾಯಿತು. ಆದರೆ ಕೊಳ್ಳುವವನು ಯಾರು, ಅವನ ಬಳಿ ಎಷ್ಟು ಹಣವಿದೆ ಎಂಬ ಎರಡೇ ಪ್ರಶ್ನೆಗಳಲ್ಲಿ ನಿನ್ನ ಪತ್ರ ಮುಗಿದುಹೋದದ್ದು ಅಂದಿನಿಂದ ನನ್ನನ್ನು ಕಾಡುತ್ತಿದೆ. ಇಪ್ಪತ್ತು ವರ್ಷಗಳ ಈ ಸಂಕಟವು ಕೊಂಡವನ ಬಳಿ ಹಣವಿರಲಿಲ್ಲವೆಂದು ಹುಟ್ಟಿದ್ದಲ್ಲ. ಕೊಳ್ಳಲು ತಂದ ಸಾಲ ಯಾರ ತಲೆಯ ಮೇಲೆ ಕೂತಿತು ಎಂಬುದರಿಂದ ಹುಟ್ಟಿದ್ದು.

ನಮ್ಮೂರಿನಲ್ಲಿ ಅಪ್ಪ ಸೊಸೈಟಿಯಿಂದ ಸಾಲ ತೆಗೆದಾಗಲೆಲ್ಲ ಪಹಣಿಯ ಋಣದ ಕಾಲಂನಲ್ಲಿ ಅದು ದಾಖಲಾಗುತ್ತಿದ್ದುದು ನಿನಗೆ ನೆನಪಿರಬಹುದು. ಈಗ ಹೀಗೊಂದು ಕಲ್ಪಿಸಿಕೋ: ಹೊರಗಿನವನೊಬ್ಬ ಬಂದು, ಯಾವ ಋಣವೂ ಇಲ್ಲದ ಅಡಿಕೆ ತೋಟವನ್ನು ಕೊಳ್ಳುತ್ತಾನೆ, ಕೊಳ್ಳಲು ತೆಗೆದ ಸಾಲಕ್ಕೆ ಅದೇ ತೋಟವನ್ನು ಅಡವಿಡುತ್ತಾನೆ, ವರ್ಷವರ್ಷದ ಬಡ್ಡಿಯನ್ನು ಅದೇ ತೋಟದ ಫಸಲಿನಿಂದ ಕಟ್ಟುತ್ತಾನೆ. 2005ರಲ್ಲಿ ಆ ಕುಟುಂಬದ ಹಿರಿಯ ಮಾಲ್ಕಮ್ ಗ್ಲೇಜರ್ ಮಾಡಿದ್ದು ಇದನ್ನೇ. ಸುಮಾರು 79 ಕೋಟಿ ಪೌಂಡ್ ಬೆಲೆಕಟ್ಟಿದ ಆ ಖರೀದಿಯಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಸಾಲವೇ ಆಗಿತ್ತು. ಅಲ್ಲಿಯವರೆಗೆ ಸಾಲದ ಹೊರೆ ಇಲ್ಲದಿದ್ದ ಕ್ಲಬ್, ತನ್ನನ್ನು ಕೊಂಡುಕೊಂಡ ಖರ್ಚನ್ನು ತಾನೇ ತೀರಿಸಬೇಕಾಯಿತು.

ಇದು ನನಗೆ ಇಷ್ಟೊಂದು ನೋವು ಕೊಡುವುದಕ್ಕೆ ಈ ಕ್ಲಬ್ಬಿನ ಹಳೆಯ ಕಥೆಯೂ ಕಾರಣ. ರೈಲ್ವೆ ಕಾರ್ಮಿಕರು 1878ರಲ್ಲಿ ನ್ಯೂಟನ್ ಹೀತ್ ಎಂಬ ಹೆಸರಿನಲ್ಲಿ ಕಟ್ಟಿದ ತಂಡ 1902ರಲ್ಲಿ 2,670 ಪೌಂಡ್ ಸಾಲಕ್ಕೆ ಸಿಲುಕಿ ಮುಚ್ಚುವ ಹಂತಕ್ಕೆ ಬಂದಿತ್ತು. ಆಗ ಮದ್ಯ ತಯಾರಿಕೆಯ ಉದ್ಯಮಿ ಜಾನ್ ಹೆನ್ರಿ ಡೇವಿಸ್ ಮತ್ತು ಇನ್ನು ಕೆಲವರು ಹಣ ಹಾಕಿ ಅದನ್ನು ಉಳಿಸಿಕೊಂಡರು. ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಹೆಸರು ಬಂದದ್ದೂ ಆಗಲೇ. 1931ರ ಡಿಸೆಂಬರ್‌ನಲ್ಲಿ ಆಟಗಾರರಿಗೆ ಸಂಬಳ ಕೊಡಲೂ ಹಣವಿಲ್ಲದೆ ನಿಂತಾಗ ಜೇಮ್ಸ್ ಗಿಬ್ಸನ್ ಎಂಬ ಸಮವಸ್ತ್ರ ತಯಾರಕರು 2,000 ಪೌಂಡ್ ಕೊಟ್ಟು ಕೈಹಿಡಿದರು. ಹೀಗೆ ಎರಡು ಸಲ ಹಣವಂತರು ಬಂದದ್ದು ಕ್ಲಬ್ಬಿನ ಸಾಲ ತೀರಿಸಲು. ಮೂರನೆಯ ಸಲ ಬಂದವರು ಸಾಲವನ್ನೇ ಹೊತ್ತು ತಂದು ಅಂಗಳದಲ್ಲಿ ಇಳಿಸಿದರು. 2010ರಲ್ಲಿ ಅಭಿಮಾನಿಗಳು ಕೆಂಪನ್ನು ಬಿಟ್ಟು ನ್ಯೂಟನ್ ಹೀತ್‌ನ ಹಸಿರು ಮತ್ತು ಹೊಂಬಣ್ಣದ ಶಾಲು ಹೊದ್ದು ಕ್ಲಬ್ಬಿನ ಮೈದಾನ ಓಲ್ಡ್ ಟ್ರಾಫರ್ಡ್ ತುಂಬಿದ್ದು ಈ ನೆನಪಿನಿಂದಲೇ.

2008ರ ಮೇ ತಿಂಗಳ ಆ ರಾತ್ರಿ ನಿನಗೂ ಮರೆತಿರಲಾರದು. ಹಾಸ್ಟೆಲಿನ ಟಿವಿ ಕೋಣೆಯಲ್ಲಿ ಬೆಳಗಿನ ಜಾವದವರೆಗೆ ಕೂತು, ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ ಮಾಸ್ಕೋದ ಮಳೆಯಲ್ಲಿ ಎದುರಾಳಿ ಚೆಲ್ಸಿಯ ಜಾನ್ ಟೆರಿ ಪೆನಾಲ್ಟಿ ಒದೆಯುವಾಗ ಕಾಲು ಜಾರಿದ್ದನ್ನೂ ನಮ್ಮ ಗೋಲಿ ವಾನ್ ಡರ್ ಸಾರ್ ಕೊನೆಯ ಪೆನಾಲ್ಟಿ ತಡೆದದ್ದನ್ನೂ ಕಂಡು ನಾವಿಬ್ಬರೂ ತಬ್ಬಿಕೊಂಡು ಅತ್ತಿದ್ದೆವು. ಅದೇ ಹೊತ್ತಿನಲ್ಲಿ ಗ್ಲೇಜರ್ ಕುಟುಂಬದ ಮಾತೃಸಂಸ್ಥೆಯ ಮೇಲಿದ್ದ ಒಂದು ಸಾಲಕ್ಕೆ ಶೇಕಡಾ 14.25ರ ದರದಲ್ಲಿ ಬಡ್ಡಿ ಬೆಳೆಯುತ್ತಿತ್ತು, ಮತ್ತು ಕಟ್ಟದ ಬಡ್ಡಿ ಅಸಲಿಗೆ ಸೇರಿ ಚಕ್ರಬಡ್ಡಿಯಾಗುತ್ತಿತ್ತು ಎಂಬುದು ನಮಗೆ ಗೊತ್ತಿರಲಿಲ್ಲ. ಆ ಭಾಗವನ್ನು ಕುಟುಂಬ 2010ರ ಕೊನೆಯಲ್ಲಿ ತೀರಿಸಿತು. ಆದರೆ ಅದೇ ವರ್ಷದ ಆರಂಭದಲ್ಲಿ ಕ್ಲಬ್ಬಿನ ಮೇಲಿನ ಸಾಲವನ್ನು ಸುಮಾರು 50 ಕೋಟಿ ಪೌಂಡ್‌ಗಳ ಬಾಂಡ್‌ಗಳಾಗಿ ಬದಲಾಯಿಸಲಾಗಿತ್ತು. 2012ರಲ್ಲಿ ನ್ಯೂಯಾರ್ಕ್ ಷೇರುಪೇಟೆಯಲ್ಲಿ 14 ಡಾಲರಿನಂತೆ ಷೇರು ಮಾರಿದಾಗಲೂ ಬಂದ ಹಣದ ಸುಮಾರು ಅರ್ಧ ಮಾತ್ರ ಸಾಲಕ್ಕೆ ಹೋಯಿತು, ಉಳಿದರ್ಧ ಕುಟುಂಬದ ಪಾಲಾಯಿತು. ಜನರಿಗೆ ಮಾರಿದ ಷೇರಿಗೆ ಒಂದು ಮತ, ಕುಟುಂಬ ಇಟ್ಟುಕೊಂಡ ಷೇರಿಗೆ ಹತ್ತು ಮತ. ಬಡ್ಡಿ, ಶುಲ್ಕ, ಲಾಭಾಂಶ ಎಲ್ಲ ಸೇರಿ ಈ ಮಾಲೀಕತ್ವದ ಕಾಲದಲ್ಲಿ ಕ್ಲಬ್ಬಿನಿಂದ ಹೊರಹೋದದ್ದು 100 ಕೋಟಿ ಪೌಂಡ್‌ಗೂ ಹೆಚ್ಚು.

ಅವರ ಕಾಲದಲ್ಲಿ ಜಾಹೀರಾತು ಮತ್ತು ಪ್ರಾಯೋಜಕರಿಂದ ಬರುವ ಆದಾಯ ಬಹಳವಾಗಿ ಬೆಳೆಯಿತು, ತಂಡದ ಮ್ಯಾನೇಜರ್ ಫರ್ಗುಸನ್ ಇದ್ದಷ್ಟು ದಿನ ಐದು ಲೀಗ್ ಪ್ರಶಸ್ತಿಗಳೂ ಬಂದವು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಫಸಲು ಚೆನ್ನಾಗಿಯೇ ಬಂತು. ಅಷ್ಟು ಬೆಳೆದರೂ ಮೈದಾನದ ಚಾವಣಿ ಸೋರುವುದು ನಿಲ್ಲಲಿಲ್ಲವಲ್ಲ, ಅದು ನನ್ನ ಸಂಕಟ.

ಇನ್ನು ಮಾರಾಟದ ವಿಷಯಕ್ಕೆ ಬರುತ್ತೇನೆ. 2022ರ ನವೆಂಬರ್‌ನಲ್ಲಿ ಕುಟುಂಬವು ಮಾರುವ ಸಾಧ್ಯತೆಯನ್ನು ಪ್ರಕಟಿಸಿದಾಗ ನಾವಿಬ್ಬರೂ ಬೇರೆಬೇರೆ ಕಡೆ ನಿಂತೆವು. ಕತಾರಿನ ಶೇಖ್ ಜಾಸಿಮ್ ಇಡೀ ಕ್ಲಬ್ಬನ್ನು ಕೊಂಡು ಪೂರ್ತಿ ಸಾಲಮುಕ್ತ ಮಾಡುವುದಾಗಿ ಹೇಳಿದ್ದರು. ಆ ಹಣದ ಮೂಲದ ಬಗ್ಗೆ ನೀನು ಎತ್ತಿದ ಆಕ್ಷೇಪ ಹಗುರವಾದದ್ದಲ್ಲವೆಂದು ಈಗ ಒಪ್ಪುತ್ತೇನೆ. 2023ರ ಅಕ್ಟೋಬರ್‌ನಲ್ಲಿ ಅವರು ಹಿಂದೆ ಸರಿದರು. ಮರುವರ್ಷದ ಫೆಬ್ರವರಿಯಲ್ಲಿ ಬ್ರಿಟಿಷ್ ಉದ್ಯಮಿ ಜಿಮ್ ರಾಟ್‌ಕ್ಲಿಫ್ ಷೇರಿಗೆ 33 ಡಾಲರಿನಂತೆ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಕೊಂಡರು. ಮ್ಯಾಂಚೆಸ್ಟರಿನ ಮಗ್ಗುಲಿನ ಫೇಲ್ಸ್‌ವರ್ತ್‌ನವನೇ ಬಂದನೆಂದು ನೀನು ಅಂದು ಸಂಭ್ರಮಪಟ್ಟಿದ್ದೆ. ಲೆಕ್ಕ ನೋಡು: ಹಳೆಯ ಷೇರುಗಳಿಗೆಂದು ಅವರು ತೆತ್ತ ಹಣವೆಲ್ಲ ಮಾರಿದವರ ಕೈಗೆ ಹೋಯಿತು, ಕ್ರೀಡಾಂಗಣ ಮತ್ತಿತರ ಸೌಕರ್ಯಗಳಿಗೆಂದು ಕ್ಲಬ್ಬಿನೊಳಗೆ ಬಂದದ್ದು 30 ಕೋಟಿ ಡಾಲರ್. 65 ಕೋಟಿ ಡಾಲರಿನ ದೀರ್ಘಾವಧಿ ಸಾಲ ಹಾಗೆಯೇ ಉಳಿಯಿತು. ಅದೇ ವರ್ಷ ವೆಚ್ಚ ಇಳಿಸುವ ಹೆಸರಿನಲ್ಲಿ ಸುಮಾರು 250 ಮಂದಿ ನೌಕರರು ಕೆಲಸ ಕಳೆದುಕೊಂಡರು. ಅವರಲ್ಲಿ ಯಾರೂ ಆ ಸಾಲವನ್ನು ತೆಗೆದವರಲ್ಲ.

ಆದ್ದರಿಂದ ಮಾರಾಟದ ಸುದ್ದಿ ಬಂದಾಗ ಮೂರು ವಿಷಯ ವಿಚಾರಿಸು: ಹಣ ಮಾರುವವನ ಕೈಗೋ ಕ್ಲಬ್ಬಿನ ಖಾತೆಗೋ? ಹಳೆಯ ಸಾಲ ತೀರುತ್ತದೆಯೋ, ಇಲ್ಲ ಹೊಸಬರ ಹೆಸರಿಗೆ ದಾಟುತ್ತದೆಯೋ? ಕೊಳ್ಳಲು ಮತ್ತೆ ಸಾಲ ತೆಗೆದರೆ ಅಡವಿಗೆ ಹೋಗುವುದು ಯಾವುದು? ಬ್ರಿಟನ್ 2025ರ ಜುಲೈನಲ್ಲಿ ಫುಟ್ಬಾಲ್ ಆಡಳಿತದ ಕಾಯಿದೆ ಮಾಡಿ ಸ್ವತಂತ್ರ ನಿಯಂತ್ರಣ ಸಂಸ್ಥೆಯೊಂದಕ್ಕೆ ದಾರಿ ಮಾಡಿದ್ದು ಇಂಥ ಪ್ರಶ್ನೆಗಳನ್ನು ಕೇಳಲೆಂದೇ. ಇಪ್ಪತ್ತು ವರ್ಷ ತಡವಾಯಿತು ಎನ್ನುವುದಷ್ಟೇ ನನ್ನ ಬೇಸರ.

2005ರಲ್ಲಿ ಮುನಿದು ಹೊರಟ ಅಭಿಮಾನಿಗಳು ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂಬ ಪುಟ್ಟ ಕ್ಲಬ್ ಕಟ್ಟಿದರಲ್ಲವೇ? ಒಬ್ಬ ಸದಸ್ಯನಿಗೆ ಒಂದೇ ಮತ. 2015ರಲ್ಲಿ ಮಾಸ್ಟನ್‌ನಲ್ಲಿ ತಮ್ಮದೇ ಮೈದಾನ ತೆರೆದರು. ನಿನ್ನ ಮಗಳು ಮ್ಯಾಂಚೆಸ್ಟರಿನಲ್ಲಿ ಓದಲು ಹೊರಟಿರುವುದರಿಂದ, ಒಂದು ಶನಿವಾರ ಅಲ್ಲಿಗೆ ಹೋಗಿ ಬರಲು ಅವಳಿಗೆ ಹೇಳು.

ಈ ಪತ್ರದ ಜೊತೆ ಯುನೈಟೆಡ್‌ನ ವಾರ್ಷಿಕ ವರದಿಯಲ್ಲಿ ಸಾಲದ ವಿವರವಿರುವ ಪುಟಗಳನ್ನು ಕಳುಹಿಸಿದ್ದೇನೆ. ಹಬ್ಬದಡುಗೆಗೆ ಖಂಡಿತ ಬರುತ್ತೇನೆ, ಆದರೆ ಆ ಪುಟದ ಮೊತ್ತ ಸೊನ್ನೆಯಾದ ವರ್ಷ.

ನಿನ್ನ ಗೆಳೆಯ