ಅಮೆರಿಕದಲ್ಲಿ ನಿವೃತ್ತಿಗೆ ಯಾವ ರಾಜ್ಯ? ಶನಿವಾರಕ್ಕೆ ಮುಂಚೆ ಓದಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ ಜೂಮ್‌ಗೆ ಬರುವ ಮುಂಚೆ ಇದನ್ನೊಮ್ಮೆ ನೋಡಿ.

"ರಿಟೈರ್ ಆದಮೇಲೆ ಟೆಕ್ಸಾಸ್‌ಗೆ ಹೋದರೆ ಟ್ಯಾಕ್ಸೇ ಇಲ್ಲ" ಅಂತ ಸುಮಾರು ಜನ ಬರೆದಿದ್ದೀರಿ. ಅರ್ಧ ನಿಜ. ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಫೆಡರಲ್ (ಕೇಂದ್ರ ಸರ್ಕಾರದ) ತೆರಿಗೆ ಇದ್ದೇ ಇದೆ. ಮನೆ ತೆರಿಗೆಯಂತೂ ಜಾಸ್ತಿ. 65 ದಾಟಿದವರಿಗೆ ಅದರಲ್ಲಿನ ಶಾಲಾ ತೆರಿಗೆಗೆ ರಿಯಾಯಿತಿ ಉಂಟು.

ಕ್ಯಾಲಿಫೋರ್ನಿಯಾ ಸೋಷಿಯಲ್ ಸೆಕ್ಯುರಿಟಿ (ಕೇಂದ್ರ ಸರ್ಕಾರ ನಿವೃತ್ತರಿಗೆ ಕೊಡುವ) ಹಣ ಮುಟ್ಟುವುದಿಲ್ಲ. ಆದರೆ 401ಕೆಯಿಂದ (ಕಂಪನಿ ಮೂಲಕ ಕೂಡಿಟ್ಟ ನಿವೃತ್ತಿ ಉಳಿತಾಯ ಖಾತೆ) ತೆಗೆದದ್ದಕ್ಕೆ ಸಂಬಳದ ಹಾಗೇ ತೆರಿಗೆ ಹಾಕುತ್ತದೆ. ಇಲಿನಾಯ್‌ನಲ್ಲಿ ಸಂಬಳಕ್ಕೆ 4.95% ಇದ್ದರೂ 401ಕೆ, ಪಿಂಚಣಿ ಎರಡಕ್ಕೂ ವಿನಾಯಿತಿ. ಚಳಿ ತಡೆಯುವವರು ಯೋಚಿಸಬಹುದು!

ರಾಜ್ಯ ಬಿಟ್ಟು ಹೋದವರ ಪಿಂಚಣಿಗೆ ಹಳೇ ರಾಜ್ಯ ಕೈ ಹಾಕುವಂತಿಲ್ಲ, 1996ರ ಫೆಡರಲ್ ಕಾನೂನು ತಡೆಯುತ್ತದೆ. 401ಕೆಗೂ ಇದೇ ಲೆಕ್ಕ. ಆದರೆ ನಿಜವಾಗಿಯೂ ಬಿಟ್ಟಿರಬೇಕು. ಮನೆ, ಲೈಸೆನ್ಸ್, ಡಾಕ್ಟರು ಎಲ್ಲ ಅಲ್ಲೇ ಇಟ್ಟುಕೊಂಡು ವಿಳಾಸ ಮಾತ್ರ ಬದಲಿಸಿದರೆ ಯಾರು ಒಪ್ಪುತ್ತಾರೆ? 401ಕೆ ಹಣವನ್ನು ರಾತ್ ಖಾತೆಗೆ (ತೆರಿಗೆ ಈಗಲೇ ಕಟ್ಟಿ ಹಣ ಇಡುವ ನಿವೃತ್ತಿ ಖಾತೆ) ಹಾಕುವ ಯೋಚನೆ ಇದ್ದರೆ, ತೆರಿಗೆ ಇಲ್ಲದ ರಾಜ್ಯಕ್ಕೆ ಹೋದಮೇಲೆ ಮಾಡಿ. ಮೊದಲೇ ಮಾಡಿದರೆ ಹಳೇ ರಾಜ್ಯಕ್ಕೆ ಸುಮ್ನೆ ತೆರಿಗೆ ಕಟ್ಟಿದಂತೆ, ಅಲ್ವಾ?

ಪ್ರಶ್ನೆಗಳನ್ನು ಶುಕ್ರವಾರದೊಳಗೆ ಇಲ್ಲೇ ಹಾಕಿ. ಯಾವ ರಾಜ್ಯದಿಂದ ಎಲ್ಲಿಗೆ ಅಂತ ಬರೆಯಿರಿ. ಖಾತೆಯಲ್ಲಿ ಎಷ್ಟಿದೆ ಅಂತ ಬೇಡ.